ಈರುಳ್ಳಿಗೆ ಎಷ್ಟು ನಿಮಿಷ ಅಂತ ಬರೆದಿದ್ದಾರೆ, ಮೊದಲು ಅದನ್ನು ನೋಡಿ

ಪ್ರಶ್ನೆ: ಅಡುಗೆ ಕಲಿಯಲು ಶುರು ಮಾಡಿ ಎರಡು ವರ್ಷ ಆಯಿತು. ಟಿವಿಯ ಅಡುಗೆ ಕಾರ್ಯಕ್ರಮಗಳನ್ನು ತಪ್ಪದೆ ನೋಡುತ್ತೇನೆ. ಐದಾರು ಪುಸ್ತಕಗಳೂ ಇವೆ. ಅವರು ಹೇಳಿದ ಹಾಗೇ ಮಾಡಿದರೂ ಹತ್ತರಲ್ಲಿ ನಾಲ್ಕು ಸಲ ಕೈಕೊಡುತ್ತದೆ. ತಪ್ಪು ನನ್ನದಾ, ಅವರದಾ ಗೊತ್ತಾಗುವುದಿಲ್ಲ. ದಿನನಿತ್ಯದ ಮನೆ ಅಡುಗೆಗೆ ನಂಬಬಹುದಾದ ಟಿವಿ ಬಾಣಸಿಗರು, ಅಡುಗೆ ಬರಹಗಾರರು ಯಾರು? ನಿಮ್ಮ ಮೆಚ್ಚಿನವರ ಹೆಸರು ಹೇಳುತ್ತೀರಾ?

ಉತ್ತರ: ಹೆಸರುಗಳನ್ನು ಖಂಡಿತ ಹೇಳುತ್ತೇನೆ. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಐದಾರು ಪುಸ್ತಕಗಳನ್ನೂ ಮೇಜಿನ ಮೇಲೆ ಹರಡಿಕೊಳ್ಳಿ. ಈರುಳ್ಳಿಯನ್ನು ಗಾಢ ಕಂದು ಬಣ್ಣ ಬರುವ ತನಕ ಬಾಡಿಸಬೇಕಾದ ಒಂದು ರೆಸಿಪಿಯನ್ನು ಪ್ರತಿಯೊಂದರಲ್ಲೂ ಹುಡುಕಿ. ಅದಕ್ಕೆ ಎಷ್ಟು ನಿಮಿಷ ಅಂತ ಬರೆದಿದ್ದಾರೆ?

ಐದು ನಿಮಿಷ, ಹತ್ತು ನಿಮಿಷ ಅಂತ ಇದ್ದರೆ ಆ ಪುಸ್ತಕವನ್ನು ಸದ್ಯಕ್ಕೆ ಪಕ್ಕಕ್ಕೆ ಇಡಿ. ಹತ್ತು ನಿಮಿಷದಲ್ಲಿ ಈರುಳ್ಳಿ ಮೆತ್ತಗಾಗುತ್ತದೆ, ಅಂಚು ಅಲ್ಲಲ್ಲಿ ಕೆಂಪಗಾಗುತ್ತದೆ, ಅಷ್ಟೇ. ಈರುಳ್ಳಿಯ ತೂಕದಲ್ಲಿ ಹತ್ತಿರ ಹತ್ತಿರ ಶೇಕಡ 90ರಷ್ಟು ನೀರು. ಆ ನೀರು ಆರುವ ತನಕ ಬಾಣಲೆಯಲ್ಲಿರುವ ಈರುಳ್ಳಿಯ ಬಿಸಿ 100 ಡಿಗ್ರಿಯ ಆಚೆ ಹೋಗುವುದಿಲ್ಲ. ಹೋಗದೆ ಕಂದು ಬಣ್ಣ ಸರಿಯಾಗಿ ಬರುವುದಿಲ್ಲ. ನಾಲ್ಕು ದೊಡ್ಡ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ಸಣ್ಣ ಉರಿಯಲ್ಲಿ ಇಟ್ಟು, ಸಿಹಿಯಾಗಿ, ಒಂದೇ ಸಮ ಕಂದಾಗಿಸಲು 40–45 ನಿಮಿಷ ಬೇಕು. ಉರಿ ಜಾಸ್ತಿ ಮಾಡಿದರೆ ಸ್ವಲ್ಪ ಬೇಗ ಆಗಬಹುದು. ಆದರೆ ಆಗ ಒಲೆ ಬಿಟ್ಟು ಕದಲುವ ಹಾಗಿಲ್ಲ.

ಬರೆದವರಿಗೆ ಇದು ಗೊತ್ತಿರುವುದಿಲ್ಲವಾ? ಗೊತ್ತಿರುತ್ತದೆ. ಮುಕ್ಕಾಲು ಗಂಟೆ ಅಂತ ಬರೆದರೆ ಓದುವವರು ಪುಟ ತಿರುಗಿಸಿಬಿಡುತ್ತಾರೆ ಅನ್ನುವ ಭಯ. ಮೇಲೆ "ಅರ್ಧ ಗಂಟೆಯಲ್ಲಿ ಊಟ" ಅಂತ ತಲೆಬರಹ ಇದ್ದರೆ ಒಳಗಿನ ಲೆಕ್ಕವನ್ನೂ ಅದಕ್ಕೇ ಹೊಂದಿಸಬೇಕಾಗುತ್ತದೆ. ಇದರ ಪೆಟ್ಟು ಬೀಳುವುದು ನಿಮಗೆ. ಹತ್ತು ನಿಮಿಷ ಆದ ಮೇಲೂ ಈರುಳ್ಳಿ ಬಿಳಿಚಿಕೊಂಡೇ ಇದ್ದರೆ ನೀವು ಏನು ಅಂದುಕೊಳ್ಳುತ್ತೀರಿ? "ನನ್ನ ಕೈಯಲ್ಲಿ ಆಗುವುದಿಲ್ಲ" ಅಂತ. ನನಗೆ ನಿಜಕ್ಕೂ ಬೇಸರ ಆಗುವುದು ಇಲ್ಲೇ. ಒಂದು ಸುಳ್ಳು ಸಂಖ್ಯೆಯಿಂದ ಎಷ್ಟೋ ಜನ ತಮಗೆ ಅಡುಗೆ ಬರುವುದೇ ಇಲ್ಲ ಅಂತ ತೀರ್ಮಾನ ಮಾಡಿಕೊಂಡಿದ್ದಾರೆ.

ಬೇರೆಯವರು ಬರೆದ ರೆಸಿಪಿಯನ್ನು ಸಾಧಾರಣ ಮನೆ ಒಲೆಯ ಮೇಲೆ ಮಾಡಿ ನೋಡಿ, ಎಲ್ಲಿ ಎಡವುತ್ತದೆ ಅಂತ ಗುರುತು ಹಾಕಿ ಕೊಡುವುದು ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನನಗೆ ತಿಳಿದದ್ದು ಇದು: ಅಳತೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಹದ ಹೇಳುವವರು ಕಡಿಮೆ. ನಿಮ್ಮ ಒಲೆಯ ಉರಿ ಬೇರೆ, ಪಾತ್ರೆಯ ತಳ ಬೇರೆ, ನಿಮಗೆ ಸಿಕ್ಕ ಟೊಮೆಟೊ ಬೇರೆ. ಹಾಗಾಗಿ "12 ನಿಮಿಷ ಬೇಯಿಸಿ" ಅನ್ನುವುದು ಅರ್ಧ ಮಾತು. "ಎಣ್ಣೆ ಅಂಚಿಗೆ ಬಿಟ್ಟುಕೊಳ್ಳುವ ತನಕ, ಸುಮಾರು 12 ನಿಮಿಷ" ಅಂದರೆ ಪೂರ್ತಿ ಮಾತು. ಏನು ಕಾಣಬೇಕು, ಏನು ಕೇಳಿಸಬೇಕು, ಯಾವ ವಾಸನೆ ಬರಬೇಕು ಅಂತ ಯಾರು ಹೇಳುತ್ತಾರೋ ಅವರನ್ನು ನಂಬಬಹುದು.

ಹಾಗೆ ಹೇಳಲು ಯಾರಿಗೆ ಬರುತ್ತದೆ ಅಂತ ಯೋಚಿಸಿ ನೋಡಿದೆ. ನನ್ನ ಮೆಚ್ಚಿನವರಲ್ಲಿ ಬಹಳ ಜನ ಮೊದಲು ಅಡುಗೆ ಕ್ಲಾಸ್ ನಡೆಸಿದವರು. ಇಲ್ಲವೇ ಪತ್ರದ ಮೂಲಕ ಅಡುಗೆ ಕಲಿತವರು, ಕಲಿಸಿದವರು. ಎದುರಿಗೆ ಕೂತ ಹೊಸಬರು ಎಲ್ಲಿ ತಬ್ಬಿಬ್ಬಾಗುತ್ತಾರೆ ಅನ್ನುವುದು ಕ್ಲಾಸ್ ತೆಗೆದುಕೊಂಡವರಿಗೆ ಗೊತ್ತು. ಪತ್ರ ಬರೆಯುವವರಿಗೆ ಕೈ ತೋರಿಸಿ "ನೋಡು, ಹೀಗೆ" ಅನ್ನುವ ಅವಕಾಶ ಇಲ್ಲ. ಎಲ್ಲವನ್ನೂ ಮಾತಿನಲ್ಲೇ ಹಿಡಿಯಬೇಕು.

ಮಧುರ್ ಜಾಫ್ರಿ ಇದಕ್ಕೆ ಒಳ್ಳೆಯ ಉದಾಹರಣೆ. 1933ರಲ್ಲಿ ದೆಹಲಿಯಲ್ಲಿ ಹುಟ್ಟಿದವರು. ನಟನೆ ಕಲಿಯಲು ಲಂಡನ್ನಿಗೆ ಹೋದಾಗ ಅವರಿಗೆ ಅಡುಗೆ ಬರುತ್ತಿರಲಿಲ್ಲ. ಮನೆ ಊಟದ ಆಸೆ ತಡೆಯಲಾರದೆ ತಾಯಿಗೆ ಬರೆದರು. ತಾಯಿ ಪತ್ರದಲ್ಲೇ ಒಂದೊಂದಾಗಿ ಅಡುಗೆ ಹೇಳಿಕೊಟ್ಟರು. ಹಾಗೆ ಕಲಿತವರು 1973ರಲ್ಲಿ ಮೊದಲ ಪುಸ್ತಕ ಬರೆದರು. 1982ರಲ್ಲಿ ಬಿಬಿಸಿಯಲ್ಲಿ ಅವರ ಅಡುಗೆ ಕಾರ್ಯಕ್ರಮ ಬಂತು. ಅವರ ರೆಸಿಪಿಗಳನ್ನು ಓದುವಾಗ ಪತ್ರ ಓದಿದ ಹಾಗೇ ಇರುತ್ತದೆ. ಈಗ ಉರಿ ಸ್ವಲ್ಪ ತಗ್ಗಿಸು, ತಳ ಹಿಡಿಯುತ್ತಿದ್ದರೆ ಒಂದು ಚಮಚ ನೀರು ಚಿಮುಕಿಸು ಅನ್ನುವ ತರಹದ ಮಾತು. ತಳ ಹಿಡಿಯಬಹುದು ಅಂತ ಮೊದಲೇ ಊಹಿಸಿ ಹೇಳುವವರು ಆ ಅಡುಗೆಯನ್ನು ನಿಜವಾಗಿ ಮಾಡಿದ್ದಾರೆ ಅಂತ ಅರ್ಥ.

ಎಸ್. ಮೀನಾಕ್ಷಿ ಅಮ್ಮಾಳ್ ಅವರ ಹೆಸರನ್ನೂ ಇಲ್ಲೇ ಹೇಳಬೇಕು. ಅವರು ತಮಿಳಿನಲ್ಲಿ ಬರೆದ ಪುಸ್ತಕ ಬಂದದ್ದು 1951ರಲ್ಲಿ. ಹೆಸರೇ "ಸಮೈತ್ತುಪ್ಪಾರ್", ಅಂದರೆ ಅಡುಗೆ ಮಾಡಿ ನೋಡು. ಟಿವಿ ಇಲ್ಲ, ಬಣ್ಣದ ಚಿತ್ರಗಳಿಲ್ಲ. ಹೊಸದಾಗಿ ಸಂಸಾರ ಹೂಡಿದವರು, ಹತ್ತಿರದಲ್ಲಿ ಕೇಳಲು ಹಿರಿಯರು ಇಲ್ಲದವರು ಓದಿಕೊಂಡು ಮಾಡಲಿ ಅಂತ ಬರೆದದ್ದು. ಎಷ್ಟೋ ಮನೆಗಳಲ್ಲಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಅದೇ ಪ್ರತಿ ಕೈ ಬದಲಾಗಿದೆ. ಅಂಥ ಪ್ರತಿಗಳ ಎಣ್ಣೆ ಕಲೆ ಬಿದ್ದ ಪುಟಗಳನ್ನು ನೋಡಿದರೆ ಸಾಕು, ಬೇರೆ ಶಿಫಾರಸು ಬೇಡ.

ಈಗ ಟಿವಿಯ ವಿಷಯ. ಟಿವಿಯಿಂದ ಕೈ ಕಲಿಯಬಹುದು. ಚಾಕು ಹಿಡಿಯುವುದು, ಹಿಟ್ಟು ನಾದುವುದು, ನೊರೆ ಬರಿಸಿದ ಮೊಟ್ಟೆಯ ಬಿಳಿಭಾಗವನ್ನು ನೊರೆ ಇಳಿಯದ ಹಾಗೆ ಕಲಸುವುದು, ಇವನ್ನು ಎಷ್ಟು ಬರೆದರೂ ಅರ್ಥ ಆಗುವುದಿಲ್ಲ. ಒಂದು ಸಲ ನೋಡಿದರೆ ಆಗುತ್ತದೆ. ಆದರೆ ಟಿವಿಯಿಂದ ಹೊತ್ತು ಕಲಿಯಲು ಆಗುವುದಿಲ್ಲ. ಒಲೆಗೆ ಇಟ್ಟ ಪಾತ್ರೆ ಮರುಕ್ಷಣ ಬೆಂದು ಸಿದ್ಧ ಆಗಿರುತ್ತದೆ, ಯಾಕೆಂದರೆ ಮೊದಲೇ ಮಾಡಿಟ್ಟದ್ದನ್ನು ಎತ್ತಿ ತೋರಿಸುತ್ತಾರೆ. ಹೆಚ್ಚಿದ ತರಕಾರಿ ಬಟ್ಟಲುಗಳಲ್ಲಿ ಸಾಲಾಗಿ ಕೂತಿರುತ್ತದೆ. ಅದನ್ನೆಲ್ಲ ತೊಳೆದು, ಸಿಪ್ಪೆ ತೆಗೆದು, ಹೆಚ್ಚಿ ಇಟ್ಟವರು ಪರದೆಯ ಹಿಂದೆ ಇರುತ್ತಾರೆ. ನಡುವಿನ ಬೇಸರದ ಭಾಗ ಕತ್ತರಿಗೆ ಹೋಗಿರುತ್ತದೆ. ನಿಮ್ಮ ಅಡುಗೆ ಕೆಡುವುದು ಬಹಳ ಸಲ ಆ ಬೇಸರದ ಭಾಗದಲ್ಲೇ ಅಲ್ವಾ?

ಅದಕ್ಕೇ ನನಗೆ ಅಮೆರಿಕದ ಜೂಲಿಯಾ ಚೈಲ್ಡ್ ಅಂದರೆ ಅಷ್ಟು ಗೌರವ. 1963ರಲ್ಲಿ ಬಾಸ್ಟನ್ನಿನ ಒಂದು ಸಾರ್ವಜನಿಕ ಟಿವಿ ವಾಹಿನಿಯಲ್ಲಿ ಅವರ ಫ್ರೆಂಚ್ ಅಡುಗೆಯ ಕಾರ್ಯಕ್ರಮ ಶುರುವಾಯಿತು. ದುಡ್ಡು ಕಡಿಮೆ ಇದ್ದ ಕಾರ್ಯಕ್ರಮ. ಹಾಗಾಗಿ ಆದಷ್ಟು ನಿಲ್ಲಿಸದೆ ಒಂದೇ ಓಟದಲ್ಲಿ ಚಿತ್ರಿಸುತ್ತಿದ್ದರು. ತಪ್ಪಾದರೆ ತಪ್ಪು ಹಾಗೇ ಉಳಿಯುತ್ತಿತ್ತು. ಒಂದು ಕಂತಿನಲ್ಲಿ ಅವರು ಆಲೂಗಡ್ಡೆಯ ದಪ್ಪ ರೊಟ್ಟಿಯಂಥದ್ದನ್ನು ಬಾಣಲೆಯಲ್ಲೇ ಹಾರಿಸಿ ಮಗುಚಲು ಹೋಗುತ್ತಾರೆ. ಅರ್ಧ ಒಲೆಯ ಮೇಲೆ ಬೀಳುತ್ತದೆ. ಅವರು ಗಾಬರಿ ಆಗುವುದಿಲ್ಲ. ಬಿದ್ದದ್ದನ್ನು ಕೈಯಿಂದಲೇ ಎತ್ತಿ ಬಾಣಲೆಗೆ ಸೇರಿಸಿ ಒತ್ತುತ್ತಾರೆ. ಮಗುಚುವಾಗ ತನಗೆ ಬೇಕಾದಷ್ಟು ಧೈರ್ಯ ಇರಲಿಲ್ಲ, ಅದಕ್ಕೇ ಹೀಗಾಯಿತು ಅಂತ ಕಾರಣವನ್ನೂ ಹೇಳುತ್ತಾರೆ. ಕೋಳಿಯನ್ನು ನೆಲಕ್ಕೆ ಬೀಳಿಸಿದರು ಅಂತ ಜನ ಹೇಳುವ ಕಥೆ ನಿಜ ಅಲ್ಲ, ಬಿದ್ದದ್ದು ಈ ಆಲೂಗಡ್ಡೆ. ಕೆಟ್ಟದ್ದನ್ನು ಸರಿ ಮಾಡುವುದು ಹೇಗೆ ಅಂತ ಟಿವಿಯಲ್ಲಿ ತೋರಿಸಿದವರು ಬಹಳ ಕಡಿಮೆ. ಮನೆ ಅಡುಗೆಯಲ್ಲಿ ಅದೇ ಅರ್ಧ ವಿದ್ಯೆ.

ಅವರ ಪುಸ್ತಕದ ಹಿಂದಿನ ದುಡಿಮೆಯೂ ಅಂಥದ್ದೇ. ಸಿಮೋನ್ ಬೆಕ್, ಲೂಯಿಸೆಟ್ ಬೆರ್ತೋಲ್ ಅನ್ನುವ ಇಬ್ಬರು ಫ್ರೆಂಚ್ ಗೆಳತಿಯರ ಜೊತೆ ಸೇರಿ ಪ್ಯಾರಿಸ್ಸಿನಲ್ಲಿ ಅಡುಗೆ ಕ್ಲಾಸ್ ನಡೆಸಿದರು. ವರ್ಷಗಟ್ಟಲೆ ಪತ್ರ ಬರೆದುಕೊಂಡು, ಮಾಡಿ ನೋಡಿ, ತಿದ್ದಿ, ಕೊನೆಗೆ 1961ರಲ್ಲಿ ಮೊದಲ ಸಂಪುಟ ತಂದರು. ಫ್ರಾನ್ಸಿನ ಮೈದಾದಲ್ಲಿ ಬರುವ ಹದ ಅಮೆರಿಕದ ಮೈದಾದಲ್ಲಿ ಬರುವುದಿಲ್ಲ ಅಂತ ಕಂಡುಕೊಂಡು ಅಳತೆಗಳನ್ನು ಬದಲಾಯಿಸಿದರು. 1970ರ ಎರಡನೆಯ ಸಂಪುಟದಲ್ಲಿ ಫ್ರೆಂಚ್ ಬ್ರೆಡ್ಡನ್ನು ಮನೆ ಓವನ್ನಿನಲ್ಲಿ ಮಾಡುವ ವಿಧಾನ ಇದೆ. ಅದೊಂದಕ್ಕೇ ಜೂಲಿಯಾ ಮತ್ತು ಅವರ ಗಂಡ ಇಬ್ಬರೂ ಕೂಡಿ ಎಷ್ಟೋ ತಿಂಗಳು ಬ್ರೆಡ್ ಸುಟ್ಟಿದ್ದಾರೆ. ಒಂದು ಎಚ್ಚರಿಕೆ: ಅವರ ರೆಸಿಪಿಗಳು ಉದ್ದ. ವಾರದ ಮಧ್ಯೆ ದಣಿದು ಬಂದ ಸಂಜೆಗೆ ಅಲ್ಲ, ರಜೆಯ ದಿನಕ್ಕೆ.

ಕೈಚಳಕಕ್ಕೆ ಜಾಕ್ ಪೆಪಾನ್. 1935ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, ಹೋಟೆಲ್ ಅಡುಗೆಮನೆಗಳಲ್ಲಿ ಬೆಳೆದವರು. 1974ರಲ್ಲಿ ಕಾರು ಅಪಘಾತದಲ್ಲಿ ತೀವ್ರ ಗಾಯಗಳಾದವು. ದಿನವಿಡೀ ನಿಂತು ಅಡುಗೆ ಮಾಡುವುದು ಕಷ್ಟವಾಗಿ ಕಲಿಸುವ ಕಡೆಗೆ ತಿರುಗಿದರು. ಅವರು ಆಮ್ಲೆಟ್ ಮಾಡುವುದನ್ನು ನೋಡಿ. ಒಂದು ಕೈಯಲ್ಲಿ ಬಾಣಲೆ ಅಲ್ಲಾಡುತ್ತಲೇ ಇರುತ್ತದೆ, ಇನ್ನೊಂದು ಕೈಯ ಫೋರ್ಕ್ ಮೊಟ್ಟೆಯನ್ನು ಕಲಕುತ್ತಲೇ ಇರುತ್ತದೆ. ಮೊಟ್ಟೆ ಇನ್ನೂ ಹಸಿ ಹಸಿ ಇದೆ ಅನ್ನಿಸುವಾಗಲೇ ಕಲಕುವುದನ್ನು ನಿಲ್ಲಿಸಿ, ಬಾಣಲೆ ಓರೆ ಮಾಡಿ, ಸುತ್ತಿ ತಟ್ಟೆಗೆ ಇಳಿಸುತ್ತಾರೆ. ಯಾವ ಗಳಿಗೆಯಲ್ಲಿ ನಿಲ್ಲಿಸಿದರು ಅನ್ನುವುದನ್ನು ಮೂರು ನಾಲ್ಕು ಸಲ ಹಿಂದೆ ಹಾಕಿ ನೋಡಿ. ಅಲ್ಲಿ ಇದೆ ಹದ.

ಭಾರತದ ಟಿವಿಯಲ್ಲಿ ಸಂಜೀವ್ ಕಪೂರ್ ಅವರಷ್ಟು ದೀರ್ಘ ಕಾಲ ಮನೆಮನೆಯಲ್ಲಿ ಕಾಣಿಸಿಕೊಂಡವರು ಅಪರೂಪ. 1993ರಲ್ಲಿ ಶುರುವಾದ ಕಾರ್ಯಕ್ರಮ. ಸಮಾಧಾನದ ದನಿ, ಸರಳ ಮಾತು, ಸುಲಭವಾಗಿ ಸಿಗುವ ಸಾಮಾನು. ಅಡುಗೆ ಅಂದರೆ ಹೆದರಬೇಕಾಗಿಲ್ಲ ಅನ್ನುವ ಭಾವನೆ ಬರಿಸುವುದರಲ್ಲಿ ಅವರದು ದೊಡ್ಡ ಪಾಲು. ತರ್ಲಾ ದಲಾಲ್ ಅವರದು ಬೇರೆ ದಾರಿ. 1966ರಲ್ಲಿ ಮುಂಬೈಯ ತಮ್ಮ ಮನೆಯಲ್ಲೇ ಕ್ಲಾಸ್ ಶುರು ಮಾಡಿದರು, 1974ರಲ್ಲಿ ಮೊದಲ ಪುಸ್ತಕ ತಂದರು. ಆಮೇಲೆ ಬರೆದದ್ದು ನೂರಕ್ಕೂ ಹೆಚ್ಚು. ಅವರ ಹಂತಗಳು ಚಿಕ್ಕವು, ಒಂದು ಹಂತಕ್ಕೆ ಒಂದೇ ಕೆಲಸ. ಕ್ಲಾಸ್ ತೆಗೆದುಕೊಂಡವರ ಗುರುತು ಅದು. ಸಸ್ಯಾಹಾರಿಗಳಿಗೆ, ಅದರಲ್ಲೂ ಈಗಷ್ಟೇ ಶುರು ಮಾಡಿದವರಿಗೆ, ನಾನು ಸಂಕೋಚ ಇಲ್ಲದೆ ಅವರ ಹೆಸರು ಹೇಳುತ್ತೇನೆ.

ನೀವು ಒಬ್ಬರನ್ನೇ ಹೇಳಿ ಅಂದರೆ? ಡೀಲಿಯಾ ಸ್ಮಿತ್. ಬ್ರಿಟನ್ನಿನವರು, 1941ರಲ್ಲಿ ಹುಟ್ಟಿದವರು. ಪತ್ರಿಕೆಯಲ್ಲಿ ಅಂಕಣ ಬರೆದು, 1973ರಿಂದ ಬಿಬಿಸಿಯಲ್ಲಿ ಕಲಿಸಿದರು. ಅವರದು ಆಡಂಬರ ಇಲ್ಲದ ರೀತಿ. 1998ರಲ್ಲಿ ಅಡುಗೆಯನ್ನು ಮೊದಲಿನಿಂದ ಕಲಿಸುವ ಸರಣಿ ಮಾಡಿದಾಗ ಮೊಟ್ಟೆಯಿಂದ ಶುರು ಮಾಡಿದರು. ಮೊಟ್ಟೆ ಬೇಯಿಸುವುದನ್ನೂ ಹೇಳಿಕೊಡಬೇಕಾ ಅಂತ ಕೆಲವರು ಟೀಕೆ ಮಾಡಿದರು. ನನ್ನ ಅನುಭವದಲ್ಲಿ ಹೇಳಿಕೊಡಲೇಬೇಕು. "ಇದು ಎಲ್ಲರಿಗೂ ಗೊತ್ತಿರುವುದೇ" ಅಂತ ಯಾರೂ ಹೇಳಿಕೊಡದ ವಿಷಯದಲ್ಲೇ ಹೊಸಬರು ಒದ್ದಾಡುವುದು. ಅವರ ರೆಸಿಪಿ ಕೈಕೊಡುವುದಿಲ್ಲ ಅನ್ನುವ ಮಾತು ಎಷ್ಟು ಗಟ್ಟಿಯಾಯಿತು ಅಂದರೆ, 2001ರಲ್ಲಿ ಕಾಲಿನ್ಸ್ ಇಂಗ್ಲಿಷ್ ನಿಘಂಟಿನಲ್ಲಿ "ಡೀಲಿಯಾ" ಅನ್ನುವುದೇ ಒಂದು ಪದವಾಗಿ ಸೇರಿತು.

ಕೇಕ್ ಮತ್ತು ಬೇಕಿಂಗಿಗೆ ಮೇರಿ ಬೆರಿ. 2010ರಿಂದ 2016ರವರೆಗೆ ಬ್ರಿಟನ್ನಿನ ಬೇಕಿಂಗ್ ಸ್ಪರ್ಧೆಯ ಕಾರ್ಯಕ್ರಮದಲ್ಲಿ ತೀರ್ಪುಗಾರ್ತಿ ಆಗಿದ್ದವರು. ಅವರ ಸ್ಪಾಂಜ್ ಕೇಕನ್ನೇ ನೋಡಿ. 4 ಮೊಟ್ಟೆ, 225 ಗ್ರಾಂ ಸಕ್ಕರೆ, 225 ಗ್ರಾಂ ಸೆಲ್ಫ್ ರೈಸಿಂಗ್ ಹಿಟ್ಟು (ಬೇಕಿಂಗ್ ಪೌಡರ್ ಮೊದಲೇ ಬೆರೆಸಿರುವ ಮೈದಾ), 225 ಗ್ರಾಂ ಮೆತ್ತಗಿನ ಬೇಕಿಂಗ್ ಸ್ಪ್ರೆಡ್ (ಬೆಣ್ಣೆಯ ಬದಲು ಬಳಸುವ ಮಾರ್ಗರೀನ್ ತರಹದ್ದು), 2 ಟೀ ಚಮಚ ಬೇಕಿಂಗ್ ಪೌಡರ್. ಎಲ್ಲವನ್ನೂ ಒಂದೇ ಬಟ್ಟಲಿಗೆ ಹಾಕಿ ಕಲಸಿ, 20 ಸೆಂಟಿಮೀಟರಿನ ಎರಡು ಅಚ್ಚುಗಳಿಗೆ ಹಂಚಿ, 180 ಡಿಗ್ರಿಯಲ್ಲಿ ಸುಮಾರು 25 ನಿಮಿಷ. ಮೊದಲು ಬೆಣ್ಣೆ ಸಕ್ಕರೆ ನೊರೆ ಬರಿಸಿ, ಆಮೇಲೆ ಮೊಟ್ಟೆ ಒಂದೊಂದಾಗಿ ಸೇರಿಸಿ, ಮಿಶ್ರಣ ಒಡೆದುಹೋಗಿ, ನೀವು ಅಳುಮುಖ ಮಾಡುವ ಪ್ರಮೇಯವೇ ಇಲ್ಲ. ಹದವನ್ನೂ ಹೇಳುತ್ತಾರೆ: ಕೇಕ್ ಅಚ್ಚಿನ ಅಂಚು ಬಿಡಲು ಶುರು ಮಾಡಿರಬೇಕು, ನಡುವೆ ಬೆರಳಿನಿಂದ ಮೆಲ್ಲಗೆ ಒತ್ತಿದರೆ ತಗ್ಗು ಉಳಿಯದೆ ಮೇಲೆ ಬರಬೇಕು. ಈ ಎರಡು ಗುರುತು ತಿಳಿದಿದ್ದರೆ ಓವನ್ ಹತ್ತು ಡಿಗ್ರಿ ಹೆಚ್ಚು ಕಡಿಮೆ ಇದ್ದರೂ ಕೇಕ್ ಕೆಡುವುದಿಲ್ಲ.

ಟಿವಿಯಿಂದಲ್ಲ, ಬರವಣಿಗೆಯಿಂದಲೇ ನನ್ನನ್ನು ಗೆದ್ದವರು ಮಾರ್ಚೆಲ್ಲಾ ಹಜಾನ್. ಇಟಲಿಯವರು, ವಿಜ್ಞಾನ ಓದಿದವರು. ಮದುವೆ ಆಗುವ ತನಕ ಅಡುಗೆ ಮಾಡಿದವರಲ್ಲ. ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ಕ್ಲಾಸ್ ಶುರು ಮಾಡಿದರು, 1973ರಲ್ಲಿ ಮೊದಲ ಪುಸ್ತಕ ಬಂತು. ಅವರ ಟೊಮೆಟೊ ಸಾಸಿಗೆ ಬೇಕಾಗುವುದು ಉಪ್ಪು ಬಿಟ್ಟರೆ ಮೂರೇ ಸಾಮಾನು: 800 ಗ್ರಾಮಿನಷ್ಟು ಡಬ್ಬಿ ಟೊಮೆಟೊ, 5 ದೊಡ್ಡ ಚಮಚ ಬೆಣ್ಣೆ, ಸಿಪ್ಪೆ ತೆಗೆದು ಎರಡು ಹೋಳು ಮಾಡಿದ ಒಂದು ಈರುಳ್ಳಿ. ಈರುಳ್ಳಿ ಸಣ್ಣಗೆ ಹೆಚ್ಚುವುದೂ ಬೇಡ, ಹುರಿಯುವುದೂ ಬೇಡ. ಎಲ್ಲವನ್ನೂ ಪಾತ್ರೆಗೆ ಹಾಕಿ, ಮುಚ್ಚಳ ಇಲ್ಲದೆ, ಸಣ್ಣಗೆ ಕುದಿಯುತ್ತಾ 45 ನಿಮಿಷ ಇಡಬೇಕು. ಆಗಾಗ ಕಲಕುತ್ತಾ ದೊಡ್ಡ ಟೊಮೆಟೊ ತುಂಡುಗಳನ್ನು ಒತ್ತಿ ಮುರಿಯಬೇಕು. ಮೊದಲ ಹತ್ತು ನಿಮಿಷ ಬೆಣ್ಣೆ ಮೇಲೆ ಹಳದಿ ಕೆರೆಯ ಹಾಗೆ ನಿಂತಿರುತ್ತದೆ. ಆಮೇಲೆ ಕಾಣದ ಹಾಗೆ ಟೊಮೆಟೊದೊಳಗೆ ಸೇರಿಕೊಳ್ಳುತ್ತದೆ. ಕೊನೆಗೆ, ನೀರಿನ ಅಂಶ ಆರಿದ ಮೇಲೆ, ಸಣ್ಣ ಸಣ್ಣ ಕಿತ್ತಳೆ ಬಣ್ಣದ ಹನಿಗಳಾಗಿ ಮತ್ತೆ ಮೇಲೆ ಬರುತ್ತದೆ. ಕೊಬ್ಬು ಹೀಗೆ ಟೊಮೆಟೊದಿಂದ ಬೇರೆಯಾಗಿ ತೇಲಿದಾಗ ಆಯಿತು ಅಂತ ಅವರೇ ಬರೆದಿದ್ದಾರೆ. ಈರುಳ್ಳಿ ತೆಗೆದುಹಾಕಬೇಕು ಅನ್ನುತ್ತಾರೆ. ಅದೊಂದು ಮಾತನ್ನು ಮಾತ್ರ ನಾನು ಕೇಳುವುದಿಲ್ಲ. ಆ ಈರುಳ್ಳಿ ಅಷ್ಟು ರುಚಿ, ಬಡಿಸುವ ಮೊದಲೇ ನಾನು ತಿಂದಿರುತ್ತೇನೆ.

ದೊಡ್ಡ ರೆಸ್ಟೋರೆಂಟ್ ಬಾಣಸಿಗರ ಹೊಳೆಯುವ ಪುಸ್ತಕಗಳ ಬಗ್ಗೆ ಸ್ವಲ್ಪ ಜಾಗ್ರತೆ. ಅವರ ಪ್ರತಿಭೆಯಲ್ಲಿ ಅನುಮಾನ ಇಲ್ಲ. ಆದರೆ 40 ಜನರಿಗೆ ಮಾಡುವ ಸಾರನ್ನು ಹತ್ತರಿಂದ ಭಾಗಿಸಿದರೆ 4 ಜನರ ಸಾರು ಆಗುವುದಿಲ್ಲ. ನೀರು ಆರುವುದು ಪಾತ್ರೆಯ ಬಾಯಿಯ ಅಗಲದ ಮೇಲೆ ನಿಂತಿದೆ, ಸಾಮಾನಿನ ಲೆಕ್ಕದ ಮೇಲೆ ಅಲ್ಲ. ಅವರ ಒಲೆಯ ಉರಿ ನಮ್ಮದಕ್ಕಿಂತ ಎಷ್ಟೋ ಪಟ್ಟು ಜೋರು. ನಿಮ್ಮ ಹತ್ತರಲ್ಲಿ ನಾಲ್ಕು ಸೋಲು ಇಂಥ ಪುಸ್ತಕದಿಂದ ಬಂದಿದ್ದರೆ, ತಪ್ಪು ನಿಮ್ಮದಲ್ಲ.

ಇನ್ನೊಂದು ಬಗೆಯ ಬರಹಗಾರರು "ಯಾಕೆ" ಅಂತ ಹೇಳುವವರು. ಹ್ಯಾರಲ್ಡ್ ಮೆಗೀ 1984ರಲ್ಲಿ ಅಡುಗೆಮನೆಯ ವಿಜ್ಞಾನದ ಬಗ್ಗೆ ದೊಡ್ಡ ಪುಸ್ತಕ ಬರೆದರು. ಮಾಂಸವನ್ನು ಮೊದಲು ಜೋರು ಉರಿಯಲ್ಲಿ ಸುಟ್ಟರೆ ರಸ ಒಳಗೇ ಉಳಿಯುತ್ತದೆ ಅನ್ನುವ ನಂಬಿಕೆ 19ನೇ ಶತಮಾನದಿಂದ ನಡೆದು ಬಂದಿತ್ತು. ಮೆಗೀ ಹೇಳಿದ್ದು ಇಷ್ಟೇ: ಕಂದಾದ ಮೇಲೂ ಬಾಣಲೆ ಚುರ್ ಅನ್ನುತ್ತಲೇ ಇದೆಯಲ್ಲ, ಅದು ರಸ ಹೊರಬಂದು ಆವಿ ಆಗುವ ಸದ್ದು. ಸುಡುವುದರಿಂದ ರುಚಿ ಬರುತ್ತದೆ, ರಸಕ್ಕೆ ಬೇಲಿ ಬೀಳುವುದಿಲ್ಲ. ಇದನ್ನು ಓದಿದ ಮೇಲೆ ನಾನು ಬಾಣಲೆಯ ಸದ್ದಿಗೆ ಕಿವಿ ಕೊಡುವುದನ್ನು ಕಲಿತೆ. ಕೆಂಜಿ ಲೋಪೆಜ್ ಆಲ್ಟ್ ಇದೇ ದಾರಿಯವರು, 2015ರಲ್ಲಿ ಅವರ ಪುಸ್ತಕ ಬಂತು. ಬೇಯಿಸಿದ ಮೊಟ್ಟೆಯ ಸಿಪ್ಪೆ ಸಲೀಸಾಗಿ ಬರಬೇಕಾದರೆ ತಣ್ಣೀರಿನಲ್ಲಿ ಇಟ್ಟು ಕಾಯಿಸಬೇಡಿ, ಕುದಿಯುವ ನೀರಿಗೇ ಇಳಿಸಿ ಅಂತ ಅವರು ಹೇಳಿದ್ದನ್ನು ನಾನು ಮಾಡಿ ನೋಡಿದ್ದೇನೆ, ನಿಜ. ಸಮೀನ್ ನೊಸ್ರತ್ 2017ರ ಪುಸ್ತಕದಲ್ಲಿ ಉಪ್ಪು, ಕೊಬ್ಬು, ಹುಳಿ, ಬಿಸಿ ಅಂತ ನಾಲ್ಕೇ ವಿಷಯ ಹಿಡಿದು ಕಲಿಸುತ್ತಾರೆ. ಏನೋ ಸಪ್ಪೆ ಅನ್ನಿಸಿದಾಗ ಮತ್ತೆ ಉಪ್ಪು ಹಾಕುವ ಬದಲು ಸ್ವಲ್ಪ ಹುಳಿ ಹಿಂಡಿ ನೋಡು ಅನ್ನುವ ಪಾಠ ಒಂದಕ್ಕೇ ಆ ಪುಸ್ತಕ ತೆಗೆದುಕೊಳ್ಳಬಹುದು. ಬ್ರಿಟನ್ನಿನ ಅಡುಗೆ ಬರಹಗಾರರಾದ ನೈಜೆಲ್ ಸ್ಲೇಟರ್, ನೈಜೆಲಾ ಲಾಸನ್ ಇಬ್ಬರನ್ನೂ ನಾನು ಪ್ರೀತಿಯಿಂದ ಓದುತ್ತೇನೆ. ಹಸಿವು ಹುಟ್ಟಿಸುವ ಬರವಣಿಗೆ. ಆದರೆ ಸ್ವಲ್ಪ ಕೈ ಕುದುರಿದ ಮೇಲೆ ಅವರ ಹತ್ತಿರ ಹೋಗಿ.

ಒಂದು ವಿಷಯ ಬಾಕಿ ಇದೆ. ನಂಬಿಕಸ್ತರ ಪುಸ್ತಕವೂ ಅಳತೆಯ ಗೊಂದಲದಿಂದ ಕೈಕೊಡಬಹುದು. ಹಿಂದೆ "ಕೋಳಿಮೊಟ್ಟೆ ಗಾತ್ರದ ಬೆಣ್ಣೆ", "ಒಂದು ಟೀ ಕಪ್ ಹಿಟ್ಟು" ಅಂತ ಬರೆಯುತ್ತಿದ್ದರು. 1896ರಲ್ಲಿ ಬಾಸ್ಟನ್ನಿನ ಅಡುಗೆ ಶಾಲೆಯ ಮುಖ್ಯಸ್ಥೆ ಫ್ಯಾನಿ ಫಾರ್ಮರ್ ತಮ್ಮ ಪುಸ್ತಕದಲ್ಲಿ ಚಮಚ, ಕಪ್ಪನ್ನು ಅಂಚಿಗೆ ಸಮ ಮಾಡಿ ಅಳೆಯಬೇಕು ಅಂತ ಪಟ್ಟು ಹಿಡಿದರು. ದೊಡ್ಡ ಉಪಕಾರ ಅದು. ಆದರೆ ಕಪ್ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಕಪ್ ಸುಮಾರು 240 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250, ಜಪಾನಿನದು 200. ದೊಡ್ಡ ಚಮಚ ಸಾಮಾನ್ಯವಾಗಿ 15 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ 20. ಹಿಟ್ಟನ್ನು ಕಪ್ಪಿಗೆ ಮೆಲ್ಲಗೆ ಸುರಿದರೆ 120 ಗ್ರಾಂ, ಕಪ್ಪನ್ನೇ ಹಿಟ್ಟಿಗೆ ಅದ್ದಿ ತುಂಬಿದರೆ 150 ದಾಟುತ್ತದೆ.

ಉಪ್ಪಿನಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಶುರುವಿನ ದಿನಗಳಲ್ಲಿ ಒಂದು ಅಮೆರಿಕನ್ ಪುಸ್ತಕ ನೋಡಿ ಎಂಟು ಜನರಿಗೆ ಕೋಳಿ ಮಾಡಿದೆ. ಒಂದು ದೊಡ್ಡ ಚಮಚ ಉಪ್ಪು ಅಂತ ಇತ್ತು, ಹಾಕಿದೆ. ಬಾಯಿಗಿಡಲು ಆಗಲಿಲ್ಲ. ಆ ಪುಸ್ತಕದವರ ಮನಸ್ಸಿನಲ್ಲಿದ್ದದ್ದು ಹಗುರವಾದ, ಪದರು ಪದರಾದ ಉಪ್ಪು. ಅದು ಒಂದು ಟೀ ಚಮಚಕ್ಕೆ ಸುಮಾರು 3 ಗ್ರಾಂ ತೂಗುತ್ತದೆ. ನನ್ನ ಕೈಯಲ್ಲಿದ್ದ ಪುಡಿ ಉಪ್ಪು 6 ಗ್ರಾಂ. ಸರಿಯಾಗಿ ಎರಡು ಪಟ್ಟು. ಬಂದವರು ಬ್ರೆಡ್ ತಿಂದು ಹೋದರು. ಮಾರನೆಯ ದಿನವೇ ಒಂದು ಡಿಜಿಟಲ್ ತಕ್ಕಡಿ ತಂದೆ. ನೀವೂ ತನ್ನಿ. ಗ್ರಾಂ ಲೆಕ್ಕದಲ್ಲಿ ಬರೆಯುವ ಬರಹಗಾರರಿಗೆ ಮೊದಲ ಮಣೆ ಹಾಕಿ. ಓವನ್ ಬಳಸುವವರಾದರೆ ಒಳಗೆ ಇಡುವ ಒಂದು ಥರ್ಮಾಮೀಟರ್ ಕೂಡ ಬೇಕು. ಫ್ಯಾನ್ ಇರುವ ಓವನ್ ಆದರೆ ರೆಸಿಪಿಯಲ್ಲಿ ಹೇಳಿದ್ದಕ್ಕಿಂತ 20 ಡಿಗ್ರಿ ಕಡಿಮೆ ಇಡುವುದು ವಾಡಿಕೆ.

ಈಗ ನೀವು ಏನು ಮಾಡಬೇಕು? ಇಷ್ಟು ಹೆಸರು ಹೇಳಿದೆ ಅಂತ ಎಲ್ಲರನ್ನೂ ಒಟ್ಟಿಗೆ ಹಿಡಿಯಬೇಡಿ. ಒಬ್ಬರನ್ನು ಆರಿಸಿಕೊಳ್ಳಿ, ಮೂರು ತಿಂಗಳು ಅವರ ಜೊತೆಗೇ ಇರಿ. ಹತ್ತು ಜನರ ಹತ್ತು ಅಡುಗೆಗಿಂತ ಒಬ್ಬರ ಒಂದೇ ಅಡುಗೆಯನ್ನು ಐದು ಸಲ ಮಾಡಿದರೆ ಕೈ ಜಾಸ್ತಿ ಕಲಿಯುತ್ತದೆ. ಒಲೆ ಹಚ್ಚುವ ಮುಂಚೆ ರೆಸಿಪಿಯನ್ನು ಕೊನೆಯ ತನಕ ಓದಿ. "ರಾತ್ರಿ ಇಡೀ ನೆನೆಸಿದ" ಅನ್ನುವ ಒಂದು ಪದ ಮಧ್ಯದಲ್ಲಿ ಎಲ್ಲೋ ಅಡಗಿರುತ್ತದೆ. ಮೊದಲ ಸಲ ಏನೂ ಬದಲಾಯಿಸಬೇಡಿ. ಸಕ್ಕರೆ ಸ್ವಲ್ಪ ಕಡಿಮೆ ಮಾಡೋಣ, ಬೆಣ್ಣೆ ಬದಲು ಎಣ್ಣೆ ಹಾಕೋಣ ಅನ್ನಿಸುತ್ತದೆ. ಬೇಡ. ಬದಲಾಯಿಸಿದ ಮೇಲೆ ಕೆಟ್ಟರೆ ತಪ್ಪು ಯಾರದು ಅಂತ ತಿಳಿಯುವ ದಾರಿಯೇ ಇರುವುದಿಲ್ಲ. ನಿಮ್ಮ ಪ್ರಶ್ನೆಯೂ ಅದೇ ಅಲ್ವಾ?

ಮಾರ್ಚೆಲ್ಲಾ ಅವರ ಸಾಸಿನಿಂದ ಶುರು ಮಾಡಿ. ಸಾಮಾನು ಕಡಿಮೆ, ಕೆಡುವ ಭಯ ಇಲ್ಲ, ಹದ ಕಣ್ಣಿಗೆ ಕಾಣುತ್ತದೆ. ಗಡಿಯಾರ ನೋಡಿ ಒಲೆಗೆ ಇಡಿ. ಆ ಕಿತ್ತಳೆ ಹನಿಗಳು ಮೇಲೆ ಬಂದ ಕೂಡಲೇ ಮತ್ತೆ ಗಡಿಯಾರ ನೋಡಿ. ಅದು 45 ನಿಮಿಷ ಆಗಿರಲಿಕ್ಕಿಲ್ಲ. 38 ಇರಬಹುದು, 52 ಇರಬಹುದು. ಪುಸ್ತಕದ ಅಂಚಿನಲ್ಲಿ ಆ ಸಂಖ್ಯೆಯನ್ನು ಪೆನ್ಸಿಲ್ಲಿನಲ್ಲಿ ಬರೆದು, ಯಾವ ಪಾತ್ರೆಯಲ್ಲಿ ಮಾಡಿದಿರಿ ಅನ್ನುವುದನ್ನೂ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.